ಇಲ್ಲದ ಕಲ್ಲು

ಆತಗೂರು ದಾಟಿ, ರಸ್ತೆ ಕೆರೆ ಏರಿಯನ್ನು ಬಳಸಿ ತಿರುಗುವಲ್ಲಿ ಲಿಂಗಯ್ಯನ ಹೊಲ. ಸಗಣಿ ಸಾರಿಸಿ ಕಣ ಮಾಡುವುದನ್ನು ಆ ಕಡೆಯವರು ಬಿಟ್ಟು ಬಹಳ ವರ್ಷವಾಯಿತು. ಹುರುಳಿ ಕಿತ್ತರೆ ಟಾರು ರಸ್ತೆಗೆ ಹರವುತ್ತಾರೆ. ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ತುಳಿದುಕೊಂಡು ಹೋಗುತ್ತವೆ. ಸಂಜೆಗೆ ಸೊಪ್ಪು ಕೊಡವಿ ಕಾಳು ತೂರಿಕೊಂಡರಾಯಿತು. ಆದರೆ ಗಾಡಿಗಳು ಹುರುಳಿಯನ್ನು ಬಿಟ್ಟು ಪಕ್ಕದ ಖಾಲಿ ಜಾಗದಲ್ಲಿ ನುಸುಳಿಬಿಟ್ಟರೆ ಒಕ್ಕಣೆಯಾಗುವುದಿಲ್ಲ. ಅದಕ್ಕೇ ಖಾಲಿ ಬದಿಗೆ ಒಂದೆರಡು ಕಲ್ಲಿಡುತ್ತಾರೆ. ಎಲ್ಲರೂ ಇಡುತ್ತಾರೆ. ಲಿಂಗಯ್ಯನೂ ಇಟ್ಟಿದ್ದ.

ಹೋದ ವರ್ಷ ಸಂಕ್ರಾಂತಿ ಇನ್ನು ನಾಲ್ಕು ದಿನವಿದೆ ಅನ್ನುವಾಗ, ಊರಿನ ಶಾಲೆಯ ಪ್ರಿಯಂವದಾ ಮಿಸ್ಸು ಮದ್ದೂರಿನಿಂದ ಸ್ಕೂಟರಿನಲ್ಲಿ ಬರುತ್ತ ಆ ತಿರುವಿನಲ್ಲಿ ಬಿದ್ದರು. ಸೊಪ್ಪಿನ ಮೇಲೆ ಚಕ್ರ ಜಾರೀತೆಂದು ಪಕ್ಕಕ್ಕೆ ಎಳೆದುಕೊಂಡವರು ನೇರ ಕಲ್ಲಿಗೆ ಹೊಡೆದರು. ಬಲಗೈ ಮಣಿಕಟ್ಟು ಮುರಿಯಿತು. ಅದೇ ದಾರಿಯಲ್ಲಿ ಬಂದ ಊರಿನ ಕೆಂಪರಾಜು ತನ್ನ ಗೂಡ್ಸ್ ಆಟೋದಲ್ಲಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನು ಬಂದು ಮುಟ್ಟುವಷ್ಟರಲ್ಲಿ ಲಿಂಗಯ್ಯ ಕಲ್ಲನ್ನು ಚರಂಡಿಗೆ ಉರುಳಿಸಿ ಆಗಿತ್ತು.

ಮೂರನೇ ದಿನ ಮಿಸ್ಸಿನ ಗಂಡ ಸುಧೀಂದ್ರ ಬಂದು ತಿರುವಿನಲ್ಲಿ ನಿಂತು ಆ ಕಡೆ ಈ ಕಡೆ ನೋಡಿ ಲಿಂಗಯ್ಯನನ್ನು ಕೇಳಿದ.

"ಇಲ್ಲಿ ಕಲ್ಲಿತ್ತು ಅಂತಾಳಲ್ಲ ನಮ್ಮನೆಯವಳು?"

"ಕಲ್ಲೆಲ್ಲದೆ ಸ್ವಾಮಿ? ಮಿಸ್ಸು ವಸಿ ಜೋರಾಗಿ ಬಂದ್ರು, ಉಳ್ಳಿ ಸೊಪ್ಪಿನ ಮ್ಯಾಲೆ ಜಾರುದ್ರು. ಆಕ್ಸಿಡೆಂಟು ಕಣ್ ಬುಡಿ, ಯಾರ್ ಏನ್ ಮಾಡಕಾಯ್ತದೆ."

"ನಾನೂ ಅದನ್ನೇ ಹೇಳಿದೆ ಅವಳಿಗೆ," ಅಂದು ಸುಧೀಂದ್ರ ಕಾರು ಹತ್ತಿದ.

ಅವತ್ತು ಲಿಂಗಯ್ಯನಿಗೆ ಬದುಕಿದೆ ಬಡಜೀವ ಅನ್ನಿಸಿತ್ತು. ಆಮೇಲಾಮೇಲೆ ಹಾಗೆ ಅನ್ನಿಸುವುದು ನಿಂತಿತು. ಮಿಸ್ಸಿನ ಸ್ಕೂಟರನ್ನು ಮಾರಿದರು. ಅವರು ಎರಡು ಬಸ್ಸು ಬದಲಾಯಿಸಿ, ತಿರುವಿನಲ್ಲಿ ಇಳಿದು ಏರಿಯ ಮೇಲೆ ನಡೆದು ಬರತೊಡಗಿದರು. ದಿನಾ ಬೆಳಿಗ್ಗೆ ಅವನ ಹೊಲದ ಮುಂದೆಯೇ. ಅವನು ಕಂಡರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಒಂದು ವರ್ಷ ಹೀಗೇ ಕಳೆಯಿತು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅವನ ಹೆಂಡತಿ ದೇವಿರಮ್ಮ ಒಂದು ಮಧ್ಯಾಹ್ನ ಸೌಟು ತೊಳೆದಿಟ್ಟು ಬಂದವಳೇ ಹೇಳಿದಳು:

"ಮಿಸ್ಸಿಗೆ ವರ್ಗ ಆಯ್ತು, ಒಳಲು ಊರಿನ ಸ್ಕೂಲ್ಗೆ. ಇವತ್ತೇ ಕಡೇ ದಿನ. ಮೂರು ಗಂಟೆ ಬಸ್ಗೆ ಓಯ್ತಾವ್ರೆ."

ಲಿಂಗಯ್ಯ ಜಗಲಿಯ ಮೇಲೆ ಕೂತು ಕುಡುಗೋಲು ಮಸೆಯುತ್ತಲೇ ಇದ್ದ.

"ವರ್ಸದಿಂದ ಬಾಯಲ್ಲಿ ಕಲ್ಲಿಟ್ಕಂಡು ಕುಂತಿದ್ದೀಯ. ನುಂಗದೂ ಇಲ್ಲ, ಉಗಿಯದೂ ಇಲ್ಲ. ಇವತ್ತು ಬುಟ್ರೆ ಇನ್ನು ಮಣ್ಣಿಗೆ ಓಗೋವಾಗ್ಲೂ ಬಾಯಲ್ಲೇ ಇರ್ತದೆ."

ಅವನು ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡ. "ಬರಿಗೈಲಿ ಎಂಗೋಗದು? ಎರಡು ಸೇರು ಉಳ್ಳಿ ಕಟ್ಟಮ್ಮಿ."

"ಉಳ್ಳೀನಾ! ಅದೊಂದು ಬಾಕಿ ಇತ್ತು ನೋಡು ಆಯಮ್ಮಂಗೆ. ಸುಮ್ಕೆ ಓಗು."

ತಿರುವಿನ ಹತ್ತಿರ, ಹೊಂಗೆ ಮರದ ಕೆಳಗೆ ಮಿಸ್ಸು ಒಬ್ಬರೇ ಬ್ಯಾಗಿಟ್ಟುಕೊಂಡು ನಿಂತಿದ್ದರು. ರಸ್ತೆಯ ಮೇಲೆ ಪಕ್ಕದ ಹೊಲದ ಶಿವರಾಮುವಿನ ಹುರುಳಿ ಹರವಿತ್ತು.

"ಮಿಸ್ಸು, ಒಂದ್ ಮಾತು."

"ಹೇಳಿ ಲಿಂಗಯ್ಯನೋರೆ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಚದುರಿಹೋಯಿತು. "ಅವತ್ತು ಕಲ್ಲಿತ್ತು ಕಣವ್ವ. ನಾನೇ ಇಟ್ಟಿದ್ದೆ. ಯಾರಾರ ಬೀಳ್ಲಿ ಅಂತ ಇಟ್ಟಿದ್ದಲ್ಲ. ಆಮ್ಯಾಕೆ ಎದ್ರಕಂಡು ಚರಂಡಿಗೆ ಉಳ್ಳುಸ್ಬುಟ್ಟೆ."

"ಗೊತ್ತು," ಅಂದರು ಮಿಸ್ಸು.

"ಗೊತ್ತಾ?"

"ನೋಡ್ತಾನೇ ಇದ್ನಲ್ಲ, ಹೆಲ್ಮೆಟ್ಟಿನ ಒಳಗಿಂದ. ನೀವು ಓಡಿ ಬಂದ್ರಿ. ಸದ್ಯ, ಯಾರೋ ಬಂದ್ರು ಅಂತ ಎಡಗೈ ಚಾಚಿದೆ. ನೀವು ನನ್ನ ದಾಟ್ಕೊಂಡು ಹೋಗಿ ಕಲ್ಲೆತ್ತಿದ್ರಿ."

ಲಿಂಗಯ್ಯನ ನೆನಪಿನಲ್ಲಿ ಇಷ್ಟು ದಿನ ಕಲ್ಲೊಂದೇ ಇತ್ತು. ಚಾಚಿದ ಕೈ ಇರಲಿಲ್ಲ. ಈಗ ಅದೂ ಬಂತು, ಬಳೆ ಸಮೇತ.

"ಬಿದ್ದಿದ್ದು ಆಕ್ಸಿಡೆಂಟೇ," ಅಂದರು ಮಿಸ್ಸು, ಮಕ್ಕಳಿಗೆ ತಿಳಿಹೇಳುವ ದನಿಯಲ್ಲೇ. "ಅದಕ್ಕೆ ನಿಮ್ಮ ಮೇಲೆ ಸಿಟ್ಟಿಲ್ಲ. ಯಾರು ಬೇಕಾದ್ರೂ ಬೀಳಬಹುದಿತ್ತು, ಮೂಳೆ ಮೂರು ತಿಂಗಳಿಗೆ ಕೂಡ್ಕೊಳ್ತು. ಆದ್ರೆ ನಮ್ಮನೇಲಿ ಹಾಲು ಉಕ್ಕಿದ್ರೆ, ಬೀಗದ ಕೈ ಎಲ್ಲೋ ಇಟ್ಟು ಮರೆತ್ರೆ, ಇವತ್ತಿಗೂ 'ಇಲ್ಲದ ಕಲ್ಲು ಕಂಡೋಳಲ್ವಾ' ಅಂತಾರೆ. ಎಲ್ಲರೂ ನಗ್ತಾರೆ. ಒಂದೊಂದ್ಸಲ ನಾನೂ ನಗ್ತೀನಿ. ಅದು ಕೂಡ್ಕೊಳ್ಳಲಿಲ್ಲ ನೋಡಿ."

"ನಾನೇ ಬಂದು ಯೋಳ್ತೀನಿ ಕಣವ್ವ ನಿಮ್ಮೆಜಮಾನ್ರಿಗೆ. ಈ ಬಸ್ಗೇ ಅತ್ಕತೀನಿ."

ಮಿಸ್ಸು ಬೇಡವೆಂದು ತಲೆಯಾಡಿಸಿದರು. "ಅವತ್ತು ಕೇಳೋಕೆ ಬಂದಿದ್ರು. ಅವತ್ತು ಹೇಳಬೇಕಿತ್ತು. ಈಗ ಬಂದ್ರೆ, ನಾನೇ ಹೇಳಿಕೊಟ್ಟು ಕರ್ಕೊಂಡು ಬಂದಿದೀನಿ ಅಂತಾರೆ."

ಬಸ್ಸು ಹುರುಳಿಯನ್ನು ಅರೆಯುತ್ತ ಬಂದು ನಿಂತಿತು. ಲಿಂಗಯ್ಯ ಬ್ಯಾಗಿಗೆ ಬಗ್ಗಿದ. ಅಷ್ಟರಲ್ಲಿ ಮಿಸ್ಸು ಅದನ್ನು ಎತ್ತಿಕೊಂಡಿದ್ದರು, ಸೊಟ್ಟಗಾದ ಬಲಗೈಯಲ್ಲೇ. ನೋವಿಗೆ ಮುಖ ಒಂದು ಗಳಿಗೆ ಕಿವುಚಿಕೊಂಡಿತು.

"ಬೇಡಿ. ಬರ್ತೀನಿ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಶಿವರಾಮು ಖಾಲಿ ಬದಿಗೆ ಇಟ್ಟಿದ್ದ ಕಲ್ಲು ಆಗ ಲಿಂಗಯ್ಯನ ಕಣ್ಣಿಗೆ ಬಿತ್ತು. ಹೋಗಿ ಎತ್ತಿದ. ಹೋದ ವರ್ಷ ಇಷ್ಟೇ ದಪ್ಪದ ಕಲ್ಲು ಹೂವಿನ ಹಾಗೆ ಎದ್ದು ಬಂದಿತ್ತು. ಇವತ್ತು ಸೊಂಟ ಹಿಡಿಯಿತು.

"ಯಾಕ್ಲಾ ಲಿಂಗಯ್ಯ?" ಹೊಲದ ಒಳಗಿಂದ ಶಿವರಾಮು ಕೂಗಿದ. "ಕಲ್ಲು ಇಡ್ಲಾ ಅಲ್ಲೇ! ಗಾಡಿಗಳೆಲ್ಲ ಪಕ್ಕದಲ್ಲೇ ಓಯ್ತವೆ!"

ಲಿಂಗಯ್ಯ ಕಲ್ಲನ್ನು ಎದೆಗೆ ಅವುಚಿಕೊಂಡು, ಎಲ್ಲಿ ಇಳಿಸಬೇಕೆಂದು ತಿಳಿಯದೆ, ರಸ್ತೆಯ ನಡುವೆ ನಿಂತೇ ಇದ್ದ.