ಸಾಹೇಬರ ಗಂಟಲು ಕಟ್ಟಿದ ತಿಂಗಳು

ನನ್ನ ಗಂಡ ಹಾಲಸ್ವಾಮಿಗೆ ಶಾಸಕರು ಬೈದು ನಾಲ್ಕು ವರ್ಷವಾಯಿತು. ಬೇರೆ ಮನೆಗಳಲ್ಲಾದರೆ ಇಂಥದ್ದನ್ನು ಮುಚ್ಚಿಡುತ್ತಾರೆ. ನಮ್ಮ ಮನೆಯಲ್ಲಿ ಅದು ಮದುವೆ ಆಲ್ಬಮ್ ಇದ್ದ ಹಾಗೆ. ನೆಂಟರು ಬಂದರೆ ಮೊದಲು ನೀರು, ಆಮೇಲೆ ಟೀ, ಆಮೇಲೆ ಆ ವಿಡಿಯೊ.

ಆದದ್ದು ಇಷ್ಟು. ನಮ್ಮ ಹೊಲದ ಕಡೆಯ ಟ್ರಾನ್ಸ್‌ಫಾರ್ಮರ್ ಸುಟ್ಟು ಇಪ್ಪತ್ತು ದಿನವಾಗಿತ್ತು. ಊರಿನ ಹತ್ತು ಹನ್ನೆರಡು ಜನ ಸೇರಿ ಚನ್ನಗಿರಿಯ ಪ್ರವಾಸಿ ಮಂದಿರಕ್ಕೆ ಹೋದರು. ಬಾಗಿಲ ಹತ್ತಿರ ಹೋಗುತ್ತಿದ್ದಂತೆ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದು ನನ್ನ ಗಂಡನನ್ನು ಮುಂದೆ ಬಿಟ್ಟರು. ಇವರು ಬಾಯಿ ತೆರೆಯುವುದೇ ತಡ, ಶಾಸಕ ಜುಂಜಪ್ಪನವರು ಕುರ್ಚಿಯಿಂದ ಎದ್ದು, "ನಿಮ್ಮಪ್ಪ ಕಟ್ಟಿಸ್ಯಾನೇನಲೇ ಕರೆಂಟ್ ಆಫೀಸು? ಕೇಳಾಕೆ ಬಂದ್ಬಿಟ್ಟ" ಎಂದು ಶುರು ಮಾಡಿ, ಪೂರಾ ಎರಡು ನಿಮಿಷ ಬೈದರು. ಮಾವನವರು ತೀರಿಕೊಂಡು ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಅದು ಸಾಹೇಬರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಯಾರೂ ಹೇಳಲಿಲ್ಲ. ಮೂರನೆಯ ದಿನ ಹೊಸ ಟ್ರಾನ್ಸ್‌ಫಾರ್ಮರ್ ಬಂತು.

ಅಲ್ಲಿಗೆ ಊರಿಗೆ ಊರೇ ತೀರ್ಮಾನ ಮಾಡಿಬಿಟ್ಟಿತು. ಸಾಹೇಬರು ಬೈದರು ಅಂದರೆ ಕೆಲಸ ಆಯಿತು ಅಂತಲೇ ಅರ್ಥ. ಬಾಯಿ ಒರಟು, ಮನಸ್ಸು ಬೆಣ್ಣೆ. ಯಾರೋ ಆ ವಿಡಿಯೊಗೆ ಡೊಳ್ಳು ಬಡಿಯುವ ಸಂಗೀತ ಸೇರಿಸಿ ಎಲ್ಲ ಕಡೆ ಹಂಚಿದರು. ಹೊನ್ನಾಳಿಯಿಂದ ನನ್ನ ದೊಡ್ಡಪ್ಪ, ಜಗಳೂರಿನಿಂದ ಇವರ ಭಾವ ಫೋನ್ ಮಾಡಿದರು. ಅಯ್ಯೋ ಅನ್ನುವುದಕ್ಕಲ್ಲ, ಶಹಬ್ಬಾಸ್ ಅನ್ನುವುದಕ್ಕೆ. ನ್ಯಾಮತಿಯಲ್ಲಿರುವ ನನ್ನ ನಾದಿನಿ ವಾಣಿಶ್ರೀಯಂತೂ, ನಾಯಕ ಅಂದರೆ ಹಾಗಿರಬೇಕು, ಒಳಗೊಂದು ಹೊರಗೊಂದು ಇಲ್ಲ, ನೇರಾನೇರ ಎಂದು ಅರ್ಧ ಗಂಟೆ ಹೊಗಳಿದಳು. ನನಗೆ ಮೈ ಉರಿಯಿತು. ಮಂತ್ರಿಗಳು ಬಂದಾಗ ಇದೇ ಸಾಹೇಬರು ಹಾರ ಹಿಡಿದು ಬಿಸಿಲಲ್ಲಿ ಒಂದೂವರೆ ಗಂಟೆ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ಆ ನೇರಾನೇರ ಎಲ್ಲಿಗೆ ಹೋಗಿತ್ತೋ. ಆದರೆ ನಾನು ಬಾಯಿ ಬಿಡಲಿಲ್ಲ. ನನ್ನ ಗಂಡ ನಗುತ್ತಿದ್ದರು, ನಾನೂ ನಕ್ಕೆ.

ಆಮೇಲೆ ಇವರು ಒಂಥರಾ ಮೇಷ್ಟ್ರಾದರು. ಸಾಹೇಬರ ಹತ್ತಿರ ಕೆಲಸವಿರುವವರು ಮೊದಲು ನಮ್ಮ ಜಗುಲಿಗೆ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಮೊದಲು ಹೋಗಬೇಡಿ, ಸಾಹೇಬರು ಆಗಿನ್ನೂ ಬಿಸಿಯಾಗಿರುವುದಿಲ್ಲ. ಕೊನೆಗೂ ಹೋಗಬೇಡಿ, ಸುಸ್ತಾಗಿರುತ್ತಾರೆ. ಐದರಿಂದ ಹತ್ತರೊಳಗೆ ಹೋಗಿ. "ಏನ್ರಿ" ಅಂದರೆ ಕೆಲಸ ಕೆಟ್ಟಿತು. "ಏಯ್" ಅಂದರೆ ಅರ್ಧ ಆಯಿತು. ಅಪ್ಪನ ಹೆಸರು ಬಂದರೆ ಪೂರ್ತಿ ಆಯಿತು, ತಲೆ ತಗ್ಗಿಸಿ ಹೊರಡಿ. ಎದುರು ಮಾತು ಮಾತ್ರ ಆಡಬೇಡಿ. ಜನ ತಲೆಯಾಡಿಸಿ ಹೋಗುತ್ತಿದ್ದರು. ಕೆಲವರ ಕೆಲಸ ಆಗುತ್ತಿತ್ತು, ಕೆಲವರದು ಆಗುತ್ತಿರಲಿಲ್ಲ. ಆಗದವರಿಗೆ ಬೈಗುಳ ಸಾಲಲಿಲ್ಲ ಎನ್ನುತ್ತಿದ್ದರು ಇವರು.

ಇಷ್ಟರಲ್ಲಿ ಸರದಿ ನನ್ನದೇ ಬಂತು.

ನಾನು ಊರಿನ ಅಂಗನವಾಡಿ ಟೀಚರ್. ತ್ಯಾವಣಿಗೆಗೆ ಮೂರು ಮೈಲಿ ಇರುವ ಸಣ್ಣ ಊರು ನಮ್ಮದು, ಅಂಗನವಾಡಿಗೆ ಇಪ್ಪತ್ತಮೂರು ಮಕ್ಕಳು. ಈ ವರ್ಷ ಮೇ ತಿಂಗಳ ಗಾಳಿಗೆ ಕಟ್ಟಡದ ಹಿಂದಿನ ಕರೆಂಟ್ ಕಂಬ ವಾಲಿ, ತಂತಿ ನಮ್ಮ ಅಂಗಳದ ಮೇಲೆ ಜೋತು ಬಿತ್ತು. ಎತ್ತರದ ಗಂಡಸು ಕೊಡೆ ಎತ್ತಿದರೆ ತಗಲುವಷ್ಟು. ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟು ತಿಂಗಳಾಗಿತ್ತು. ಅಷ್ಟು ದಿನವೂ ಮಕ್ಕಳನ್ನು ಹೊರಗೆ ಬಿಡದೆ ಒಂದೇ ಕೋಣೆಯಲ್ಲಿ ಕೂಡಿಹಾಕಿಕೊಂಡಿದ್ದೆ. ಅವರೋ, ಒಂದಕ್ಕೆ ಅಂತ ಓಡುವವರು, ಓತಿಕ್ಯಾತ ಕಂಡಿತು ಅಂತ ಓಡುವವರು. ಮಧ್ಯಾಹ್ನ ಕೊನೆಯ ಮಗುವನ್ನು ತಾಯಿಯ ಕೈಗೆ ಕೊಡುವತನಕ ನನಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ರಾತ್ರಿ ಗಾಳಿ ಬೀಸಿದರೆ ಎದ್ದು ಕೂರುತ್ತಿದ್ದೆ.

ತ್ಯಾವಣಿಗೆಯ ಸಮುದಾಯ ಭವನದಲ್ಲಿ ಸಾಹೇಬರ ಜನಸ್ಪಂದನ ಸಭೆ ಇದೆ ಎಂದು ಗೊತ್ತಾಯಿತು. ನಾನು ಹೋಗಬೇಕು, ಬೈಸಿಕೊಳ್ಳಬೇಕು, ತಂತಿ ಮೇಲೇರಬೇಕು ಎಂದು ಊರು ನಿಶ್ಚಯಿಸಿತು. ಪಕ್ಕದ ಮನೆಯ ಸಣ್ಣತಿಮ್ಮಪ್ಪ ಮಾವ, ಹೆಣ್ಣುಮಗಳಿಗೆ ಬೈದರೆ ಎರಡೇ ದಿನದಲ್ಲಿ ಕಂಬ ಬರುತ್ತದೆ ಎಂದು ಲೆಕ್ಕವನ್ನೂ ಹಾಕಿಬಿಟ್ಟರು. ಬೈಸಿಕೊಳ್ಳುವುದಕ್ಕೆ ನನಗೆ ಭಯವಿರಲಿಲ್ಲ. ಇಪ್ಪತ್ತಮೂರು ಮಕ್ಕಳಿಗಾಗಿ ಏನಾದರೂ ಅನ್ನಿಸಿಕೊಂಡೇನು. ಭಯವಿದ್ದದ್ದು ನನ್ನ ಬಾಯಿಯ ಮೇಲೆ. ಒಂದು ಮಾತಿಗೆ ಎರಡು ಕೊಟ್ಟು ಬರುವ ಬಾಯಿ ಇದು. ಅಲ್ಲಿ ಸಿಟ್ಟು ನೆತ್ತಿಗೇರಿ ಏನಾದರೂ ಅಂದುಬಿಟ್ಟರೆ ಕಂಬವೂ ಹೋಯಿತು, ನನ್ನ ಕೆಲಸವೂ ಹೋಯಿತು.

ಅದಕ್ಕೇ ಹಿಂದಿನ ಸಂಜೆ ನನ್ನ ಗಂಡ ಹಿತ್ತಲಿನಲ್ಲಿ ನನಗೆ ತಾಲೀಮು ಕೊಟ್ಟರು. ಟವೆಲ್ಲನ್ನು ಶಾಲಿನ ಹಾಗೆ ಹೊದ್ದು ತಾವೇ ಸಾಹೇಬರಾಗಿ, "ಏಯ್, ಯಾರಮ್ಮ ನೀನು" ಎಂದರು. ನನಗೆ ನಗು ತಡೆಯಲಾಗಲಿಲ್ಲ, ಮದುವೆಯಾದಾಗಿನಿಂದ ಈ ಮನುಷ್ಯ ನನಗೆ ಏರುದನಿಯಲ್ಲಿ ಮಾತಾಡಿದ್ದಿಲ್ಲ. ಕೆಲಸ ಇಲ್ವಾ ನಿಂಗೆ, ಮಕ್ಕಳಿಗೆ ಅಕ್ಷರ ಕಲಿಸು ಹೋಗು, ಎಂದೆಲ್ಲ ಅಂದರು. ಆಮೇಲೆ ಒಂದು ಮಾತಿನ ಹತ್ತಿರ ಬಂದು ನಿಂತುಬಿಟ್ಟರು.

"ಇಲ್ಲಿ ಅಪ್ಪನ ಸುದ್ದಿ ಬರ್ತೈತೆ. ಅದನ್ನ ಬಿಡು" ಎಂದು ಟವೆಲ್ ಕೊಡವಿ ಕೈಕಾಲು ತೊಳೆಯಲು ಹೋದರು.

ಮರುದಿನ ಭವನ ತುಂಬಿತ್ತು. ನಾನು ಏಳನೆಯವಳಾಗಿ ಸಾಲಿನಲ್ಲಿ ನಿಂತೆ, ಗಂಡ ಪಕ್ಕದಲ್ಲಿ. ಸಾಹೇಬರು ಬಂದರು. ಆ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್. ಯಾರಿಗೂ ಏನೂ ಅನ್ನದೆ ಸೀದಾ ಹೋಗಿ ಕುರ್ಚಿಯಲ್ಲಿ ಕೂತರು. ಅವರ ಆಪ್ತ ಸಹಾಯಕ ಸತೀಶ್ ಕುಮಾರ್ ಮೈಕ್ ಹಿಡಿದು, ಸಾಹೇಬರ ಗಂಟಲಿನ ನರಕ್ಕೆ ಏಟಾಗಿದೆ, ಒಂದು ತಿಂಗಳು ಒಂದಕ್ಷರ ಮಾತಾಡಕೂಡದು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದಾರೆ, ಆದರೂ ಜನಸೇವೆ ನಿಲ್ಲಬಾರದೆಂದು ಬಂದಿದ್ದಾರೆ ಎಂದು ತಿಳಿಸಿದರು. ಸಭೆಯ ಮುಖ ಸೋತುಹೋಯಿತು. ಹಿಂದೆ ನಿಂತಿದ್ದ ಹೆಂಗಸೊಬ್ಬಳು, ಬಸ್ ಚಾರ್ಜು ದಂಡ ಎಂದು ಗೊಣಗಿದಳು. ನನ್ನ ಗಂಡನಂತೂ ಬಾಡಿಹೋದರು. ಹಿಂದಿರುಗಿ ಮುಂದಿನ ತಿಂಗಳು ಬರೋಣವೇ ಎಂದು ಪಿಸುಗುಟ್ಟಿದರು. ನಾನು ಜಾಗ ಬಿಡಲಿಲ್ಲ. ಇನ್ನೊಂದು ತಿಂಗಳು ಆ ತಂತಿಯ ಕೆಳಗೆ ಕೂರುವುದು ನನ್ನಿಂದ ಸಾಧ್ಯವಿರಲಿಲ್ಲ.

ನನ್ನ ಸರದಿ ಬಂತು. ಬೈಸಿಕೊಳ್ಳಲು ಮೈ ಬಿಗಿ ಮಾಡಿಕೊಂಡೇ ಹೋಗಿದ್ದರಿಂದ ದನಿ ಜೋರಾಗಿಯೇ ಹೊರಟಿತು. ಸಾರ್, ನನ್ನ ಮಕ್ಕಳ ತಲೆ ಮೇಲೆ ಕರೆಂಟ್ ತಂತಿ ನೇತಾಡುತ್ತಿದೆ, ತಿಂಗಳಿಂದ ಕೇಳುವವರಿಲ್ಲ ಎಂದೆ. ಸಾಹೇಬರ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಬಾಯಿ ಪೂರ್ತಿ ತೆರೆದರು. ಹೊರಟದ್ದು ಬರೀ ಗಾಳಿ. ಸತೀಶ್ ಕುಮಾರ್ ಗಾಬರಿಯಿಂದ ಬಗ್ಗಿ ಡಾಕ್ಟರ ಮಾತು ನೆನಪಿಸಿದರು. ಸಾಹೇಬರು ಪೆನ್ನು ತೆಗೆದುಕೊಂಡು ಚೀಟಿಯ ಮೇಲೆ ಏನೋ ಬರೆದರು, ಅದನ್ನು ಒತ್ತಿ ಒತ್ತಿ ಹೊಡೆದುಹಾಕಿದರು. ಬೈಗುಳವನ್ನು ಬರೆದು ಕೊಡುವುದು ಅವರಿಗೂ ಸರಿ ಕಾಣಲಿಲ್ಲವೇನೋ. ಇನ್ನೊಂದು ಚೀಟಿಯಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. "ಎಷ್ಟು ಮಕ್ಕಳು?"

"ಇಪ್ಪತ್ತಮೂರು ಸಾರ್" ಎಂದೆ. ನನ್ನ ದನಿ ತಾನಾಗಿಯೇ ಇಳಿದಿತ್ತು.

ತಂತಿ ಎಷ್ಟು ಎತ್ತರದಲ್ಲಿದೆ, ಅರ್ಜಿ ಕೊಟ್ಟದ್ದು ಯಾವಾಗ ಎಂದು ಬರೆದು ಕೇಳಿದರು. ಹೇಳಿದೆ. ಮಾತಾಡಲಾಗದ ಮನುಷ್ಯ ಬೇರೇನು ಮಾಡಲಿಕ್ಕಾಗುತ್ತದೆ, ಕೇಳಿಸಿಕೊಂಡರು. ಆಮೇಲೆ ಕರೆಂಟ್ ಆಫೀಸಿನ ಇಂಜಿನಿಯರ್ ರಂಗನಾಥ್ ಕಡೆ ಒಂದೇ ಪದದ ಚೀಟಿ ಹೋಯಿತು. "ಯಾವತ್ತು?" ಅವರು ಎದ್ದು, ಕಂಬ ಮೊನ್ನೆಯೇ ಬಂದಿದೆ, ನಾಳಿದ್ದು ಲೈನ್ ನಿಲ್ಲಿಸಿ ಹಾಕಿಸುತ್ತೇವೆ ಎಂದರು. ಅಷ್ಟೇ. ನನಗಿಂತ ಹಿಂದಿದ್ದ ಮೂವತ್ತು ಜನರದ್ದೂ ಸೇರಿ ಒಂದು ಗಂಟೆಯಲ್ಲಿ ಸಭೆ ಮುಗಿಯಿತು. ಬೇರೆ ದಿನಗಳಲ್ಲಿ ಹತ್ತು ಅರ್ಜಿಗೇ ಮಧ್ಯಾಹ್ನವಾಗುತ್ತಿತ್ತಂತೆ.

ಹೊರಗೆ ಟೀ ಕೊಡುತ್ತಿದ್ದರು. ನನ್ನ ಗಂಡ ಲೋಟ ಹಿಡಿದು, ಬೈದಿಲ್ಲವಲ್ಲ, ಇದು ಆಗುವ ಹೋಗುವ ಕೆಲಸವಲ್ಲ ಎಂದು ಮುಖ ಸಣ್ಣದು ಮಾಡಿಕೊಂಡಿದ್ದರು. ರಂಗನಾಥ್ ನಮ್ಮ ಪಕ್ಕಕ್ಕೇ ಬಂದು ನಿಂತರು. ಇವರ ಅನುಮಾನ ಕೇಳಿ ಅವರಿಗೆ ನಗು ಬಂತು.

"ಬೈದ್ರೂ ಅದೇ ಕಂಬ, ಬೈಯದಿದ್ರೂ ಅದೇ ಕಂಬ ಕಣ್ರಿ. ನಿಮ್ ಹೊಲದ ಟಿಸಿ, ಆ ಟ್ರಾನ್ಸ್‌ಫಾರ್ಮರ್ರೂ ಹಂಗೇ ಅಲ್ವ? ಅವತ್ತು ಬೆಳಿಗ್ಗೆ ಒಂಬತ್ತಕ್ಕೇ ಸಾಹೇಬ್ರಿಗೆ ಫೋನ್ ಮಾಡಿ ಹೇಳಿದ್ದೆ ನಾನು. ಟಿಸಿ ಬಂದೈತೆ, ಎರಡು ದಿನದಾಗೆ ಕೂರಿಸ್ತೀವಿ ಅಂತ."

ನನ್ನ ಗಂಡ ಲೋಟವನ್ನು ಕೆಳಗಿಟ್ಟರು.

"ನಾವು ಹೋಗಿದ್ದು ಹನ್ನೊಂದಕ್ಕೆ" ಎಂದರು.

ರಂಗನಾಥ್‌ಗೆ ತಾವೇನು ಹೇಳಿದೆವೆಂದು ಹೊಳೆದಿರಬೇಕು. ಯಾರೋ ಕರೆದರೆಂದು ಅತ್ತ ಹೋದರು.  ಬೈಕಿನಲ್ಲಿ ಮನೆಯ ತನಕ ನಾನು ಇವರ ಹೆಗಲ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.

ಹೇಳಿದ ದಿನವೇ ಕಂಬ ಬಂತು. ಬೆಳಿಗ್ಗೆ ಹತ್ತಕ್ಕೆ ಲೈನ್‌ಮನ್‌ಗಳು ಬಂದು ಹನ್ನೆರಡೂವರೆಗೆ ಕೆಲಸ ಮುಗಿಸಿದರು. ತಂತಿ ತಲೆಯೆತ್ತಿ ನೋಡುವಷ್ಟು ಮೇಲೆ ಹೋಯಿತು. ಬಾಗಿಲು ತೆರೆದೆ. ಇಪ್ಪತ್ತಮೂರು ಮಕ್ಕಳೂ ಒಟ್ಟಿಗೆ ಅಂಗಳಕ್ಕೆ ನುಗ್ಗಿದವು. ನಾನು ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಆ ಮಧ್ಯಾಹ್ನ ಎರಡು ಮುದ್ದೆ ಉಂಡೆ, ಆ ರಾತ್ರಿ ಗಾಳಿ ಬೀಸಿತೋ ಇಲ್ಲವೋ ನನಗೆ ಗೊತ್ತಿಲ್ಲ.

ವಾರ ಕಳೆದ ಮೇಲೆ ಒಂದು ಸಂಜೆ ಸಣ್ಣತಿಮ್ಮಪ್ಪ ಮಾವ ನಮ್ಮ ಜಗುಲಿಗೆ ಬಂದರು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ, ಮಾತೆಲ್ಲ ಕೇಳುತ್ತಿತ್ತು. ಅವರ ಮನೆ ಮುಂದೆ ಚರಂಡಿ ಕಟ್ಟಿಕೊಂಡಿದೆ. ಬರುವ ತಿಂಗಳ ಹೊತ್ತಿಗೆ ಸಾಹೇಬರ ಗಂಟಲು ಸರಿಯಾಗುತ್ತದೆ, ಆಗ ಹೋಗುತ್ತೇನೆ, ಹೇಗೆ ನಿಲ್ಲಬೇಕು, ಎಲ್ಲಿ ಕೆಣಕಬೇಕು ಹೇಳಿಕೊಡು ಎಂದು ಕೇಳಿದರು. ನನ್ನ ಗಂಡ ಪಕ್ಕಕ್ಕೆ ಸರಿದು ಅವರಿಗೆ ಕೂರಲು ಜಾಗ ಮಾಡಿದರು.

"ಅರ್ಜಿ ಬರ್ಕೊಡ್ತೀನಿ ಮಾವ. ಜತೀಗೂ ಬರ್ತೀನಿ. ಬೈಸ್ಕಳಾಕೆ ಮಾತ್ರ ಹೇಳ್ಕೊಡಲ್ಲ."

ಇದೇನಪ್ಪಾ ಹೊಸದು, ಬೈಸಿಕೊಂಡದ್ದನ್ನು ಊರಿಗೆಲ್ಲ ನಗುನಗುತ್ತಾ ತೋರಿಸುತ್ತಿದ್ದವನು ನೀನೇ ಅಲ್ಲವೇ ಎಂದರು ಮಾವ.

"ನಗದಿದ್ರೆ ಊರೊಳಗೆ ಹೆಂಗೆ ತಿರುಗಾಡ್ಲಿ ಮಾವ? ಎಲ್ಲರ ಫೋನಾಗೂ ಅದೇ ಇತ್ತು" ಎಂದರು ಇವರು. ಅವರ ದನಿ ಸಣ್ಣದಾಗಿತ್ತು. "ನಮ್ಮಪ್ಪ ಸತ್ತು ಮೂರು ತಿಂಗಳಾಗಿರ್ಲಿಲ್ಲ. ಅವತ್ತು ಮನೀಗೆ ಬರಾಕೆ ಮನಸ್ಸಾಗ್ಲಿಲ್ಲ ನಂಗೆ. ನೀರಿನ ಚಾನಲ್ ಏರಿ ಮೇಲೆ ಕುಂತು, ಕತ್ತಲಾದ್ಮೇಲೆ ಬಂದೆ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಆ ರಾತ್ರಿ ಇವರು ತಡವಾಗಿ ಬಂದು, ಬಸ್ ಸಿಗಲಿಲ್ಲ ಎಂದಿದ್ದರು. ನಾನು ನಂಬಿ ತಟ್ಟೆ ಹಾಕಿದ್ದೆ. ನಾಲ್ಕು ವರ್ಷ ನಾನು ಅವರಿಗಾಗಿ ನಕ್ಕೆ ಅಂದುಕೊಂಡಿದ್ದೆ, ಅವರು ಊರಿಗಾಗಿ ನಕ್ಕಿದ್ದರು. ನನ್ನ ಗಂಡನಿಗೆ ಮಾನ ಮರ್ಯಾದೆಯ ಗೊಡವೆಯೇ ಇಲ್ಲವೇನೋ ಎಂದು ಒಳಗೊಳಗೇ ಅಸಹ್ಯಪಟ್ಟದ್ದೂ ಉಂಟು, ಈಗ ಹೇಳಿದರೆ ತಪ್ಪಿಲ್ಲ. ಅವರಿಗೂ ನೋವಾಗಿತ್ತು ಎಂದು ಕೇಳಿ ನನಗಾದ ನೆಮ್ಮದಿ, ಆ ತಂತಿ ಮೇಲೇರಿದಾಗಲೂ ಆಗಿರಲಿಲ್ಲ.

ಒಲೆ ಆರಿಸಿ, ಕೈ ತೊಳೆದು ಹೊರಗೆ ಬಂದೆ. ಮಾವ ತಲೆ ತಗ್ಗಿಸಿಕೊಂಡಿದ್ದರು. ಅವತ್ತು ಪ್ರವಾಸಿ ಮಂದಿರದಲ್ಲಿ ಇವರನ್ನು ಮುಂದೆ ಬಿಟ್ಟು ಹಿಂದೆ ಸರಿದವರಲ್ಲಿ ಅವರೂ ಒಬ್ಬರು.

"ಬರೀಪ್ಪ ಹಂಗಾದ್ರೆ" ಎಂದರು ಕೊನೆಗೆ. "ಈ ಸಲ ನಾನೇ ಮುಂದೆ ನಿಂತ್ಕತೀನಿ."

ನಾನು ಒಳಗಿನಿಂದ ಬಿಳಿ ಹಾಳೆ ತಂದು ಕೊಟ್ಟೆ. ಇವರು ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದರು. ರೊಟ್ಟಿ ಆಮೇಲೆ ಆದರೂ ಆದೀತೆಂದು ನಾನೂ ಅಲ್ಲೇ ಅವರ ಪಕ್ಕದಲ್ಲಿ ಕೂತೆ.