ಮೂರು ಬಂದರಿನ ನಗು

ದೋಣಿಗೆ ತಾನೇ ಹೊಲಿದ ಹಾಯಿ ಕಟ್ಟಿಕೊಂಡು ಹೆಂಡತಿಯೊಂದಿಗೆ ಕರಾವಳಿ ಸುತ್ತಲು ಹೊರಟಿದ್ದ ದರ್ಜಿಯ ಪಕ್ಕಕ್ಕೇ, ಮೂರು ಬಂದರಿನಲ್ಲೂ, ಒಬ್ಬ ಹಲ್ಲಿನ ಡಾಕ್ಟರನ ದೋಣಿಯೇ ಬಂದು ನಿಂತಿತು. ಡಾಕ್ಟರ್ ಬಾಯಿ ಬಿಟ್ಟರೆ ಸಾಕು, ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು. ಅವೇ ಜೋಕುಗಳನ್ನು ಗಂಡ ಹೇಳಿದಾಗ "ಸಾಕು ಸುಮ್ನಿರಿ" ಎಂದು ಮೂವತ್ತು ವರ್ಷ ಬಾಯಿ ಮುಚ್ಚಿಸಿದವಳು ಇವಳೇ.

ನಾಲ್ಕನೆಯ ಬೆಳಗ್ಗೆ, ಅವಳು ಏಳುವ ಮೊದಲೇ, ಡಾಕ್ಟರಿಗೆ ಹೇಳದೆ ಕೇಳದೆ ಹೊರಟುಬಿಡೋಣವೆಂದು ದರ್ಜಿ ಹಾಯಿ ಏರಿಸಿದ. ಹಾಯಿ ಗಾಳಿಗೆ ಉಬ್ಬಿತು. ದೋಣಿ ಮಾತ್ರ ಜಪ್ಪಯ್ಯ ಅಂದರೂ ಮುಂದೆ ಹೋಗಲಿಲ್ಲ.

ಪಕ್ಕದ ದೋಣಿಯಲ್ಲಿ ಕಾಫಿ ಹೀರುತ್ತಿದ್ದ ಡಾಕ್ಟರ್ ಮೆಲ್ಲಗೆ ಹೇಳಿದ: "ಯಜಮಾನ್ರೇ, ಲಂಗರು ಇನ್ನೂ ನೀರಲ್ಲೇ ಇದೆ."

ಒಳಗೆ ಹಾಸಿಗೆಯಲ್ಲೇ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದಕ್ಕೆ ದರ್ಜಿಗೆ ಬೇಸರವಿರಲಿಲ್ಲ. ಎಡವಟ್ಟು ಮಾಡಿದ್ದು ತಾನು, ನಗಿಸಿದ ಹೆಸರು ಮಾತ್ರ ಇವತ್ತೂ ಆ ಡಾಕ್ಟರನಿಗೇ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು.