ಗೆದ್ದವರನ್ನಷ್ಟೇ ಎಣಿಸಿದ ಅತ್ತೆ

ಆಟ ಆಡುವ ಮಕ್ಕಳಿರುವ ಮನೆಯಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? "ಇಷ್ಟು ನೋವಿಗೆಲ್ಲ ಕೂತ್ರೆ ಆಗುತ್ತಾ? ಓಡು, ತಾನೇ ಹೋಗುತ್ತೆ!" ನಮ್ಮ ಬೀದಿಯಲ್ಲಿ ಈ ಮಾತಿನ ಒಡತಿ ಇಸ್ತ್ರಿ ಅಂಗಡಿಯ ಸೀಟಿ ಅತ್ತೆ. ಹರೆಯದಲ್ಲಿ ಒಳ್ಳೆಯ ಓಟಗಾರ್ತಿ. ಈಗ ಬೆಳಿಗ್ಗೆ ಎದ್ದು ಸೀಟಿ ಊದಿ ಬೀದಿಯ ಹುಡುಗಿಯರನ್ನೆಲ್ಲ ಓಡಿಸುತ್ತಾಳೆ, ಆಮೇಲೆ ಅಂಗಡಿ ಬಾಗಿಲು ತೆಗೆಯುತ್ತಾಳೆ. ಶುಲ್ಕ ಇಲ್ಲ, ಬೈಗುಳ ಮಾತ್ರ ಧಾರಾಳ.

ಅವಳ ಕೈಯಲ್ಲಿ ಪಳಗಿದವರಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಅವಳ ತಮ್ಮನ ಮಗಳು. ಮೈ ಸಣ್ಣ, ಕಾಲು ಉದ್ದ, ಹಾಗಾಗಿ ಎಲ್ಲರ ಬಾಯಲ್ಲೂ ಮಿಡತೆ. ಬರುವ ಭಾನುವಾರ ಕ್ರೀಡಾ ಶಾಲೆಯ ಆಯ್ಕೆಯ ಓಟ. ಆಯ್ಕೆಯಾದರೆ ಓದು, ಊಟ, ತರಬೇತಿ ಎಲ್ಲ ಅಲ್ಲೇ. ಆದರೆ ಕೆಲವು ವಾರಗಳಿಂದ ಮಿಡತೆಗೆ ಮೊಣಕಾಲಿನ ಕೆಳಗೆ, ಕಣಕಾಲಿನ ಮೂಳೆಯಲ್ಲಿ ನೋವು. ಮೊದಲು ಓಡಿದ ಮೇಲೆ ನೋಯುತ್ತಿತ್ತು. ಈಗ ಸುಮ್ಮನೆ ಕೂತರೂ ನೋಯುತ್ತದೆ.

ಅವತ್ತು ಸಂಜೆ ಎದುರುಮನೆಯಾಕೆ ಬಟ್ಟೆ ತೆಗೆದುಕೊಂಡು ಹೋಗಲು ಬಂದಳು. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ಮಿಡತೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು.

"ಎಲ್ಲಿ ನೋವು? ಬೆರಳಿಟ್ಟು ತೋರ್ಸು."

ಮಿಡತೆ ಒಂದೇ ಜಾಗ ಮುಟ್ಟಿದಳು. ಆಕೆ ಅಲ್ಲೇ ಮೆಲ್ಲಗೆ ಒತ್ತಿದಳು. ಹುಡುಗಿ ಹಲ್ಲು ಕಚ್ಚಿದಳು.

"ಅಕ್ಕಾ, ಇದು ಸುಸ್ತಿನ ನೋವಲ್ಲ. ಮೂಳೇಲಿ ಸಣ್ಣ ಬಿರುಕು ಇರ್ಬಹುದು. ಡಾಕ್ಟರಿಗೆ ತೋರಿಸೋವರೆಗೂ ಓಡಿಸ್ಬೇಡಿ," ಎಂದಳು ಫಿಸಿಯೋ.

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. "ಭಾನುವಾರ ಓಟ ಇಟ್ಕೊಂಡು ಎಂಥಾ ಮಾತಾಡ್ತೀಯಾ? ಓದಿದವರಿಗೆ ಎಲ್ಲದ್ರಲ್ಲೂ ರೋಗಾನೇ ಕಾಣುತ್ತೆ. ನಾನು ಇದೇ ನೋವಲ್ಲಿ ಓಡಿ ಪದಕ ತಂದೋಳು. ಯಾವ ಪುಸ್ತಕ ಓಡಿ ಗೆದ್ದಿದೆ ಹೇಳು!"

"ಪುಸ್ತಕ ಓಡಲ್ಲ ಅಕ್ಕಾ. ಆದ್ರೆ ಓಡಿದೋರನ್ನ ನೋಡಿಯೇ ಅದನ್ನ ಬರ್ದಿರೋದು. ಗೆದ್ದೋರು, ಸೋತೋರು, ನಡುವೆ ಬಿಟ್ಟು ಹೋದೋರು, ಎಲ್ಲರನ್ನೂ. ಅದಿರ್ಲಿ, ನಿಮ್ಮ ಹಾಗೆ ನೋವಲ್ಲೇ ಓಡಿದೋರು ಬೇರೆ ಯಾರೂ ಇರ್ಲಿಲ್ವಾ?"

"ಇದ್ರು, ನಾಕಾರು ಜನ."

"ಅವರೆಲ್ಲ ಏನಾದ್ರು?"

ಅತ್ತೆಗೆ ತನಗಿಂತ ಜೋರಾಗಿ ಓಡುತ್ತಿದ್ದ ಗೆಳತಿ ನೆನಪಾದಳು. ಅತ್ತೆ ಪದಕ ಗೆದ್ದ ಅದೇ ಓಟದ ಅರ್ಧದಲ್ಲಿ ಕಾಲು ಮುರಿದು ಬಿದ್ದವಳು ಮತ್ತೆ ಮೈದಾನಕ್ಕೆ ಬರಲೇ ಇಲ್ಲ. ಈಗಲೂ ಕುಂಟುತ್ತಾಳೆ. ಪದಕದ ಕಥೆಯನ್ನು ಅತ್ತೆ ಊರಿಗೆಲ್ಲ ಸಾರಿದ್ದಳು, ಗೆಳತಿಯ ಕಥೆಯನ್ನು ಒಬ್ಬರಿಗೂ ಹೇಳಿರಲಿಲ್ಲ.

"ಒಬ್ಬಳು ಗೆಳತಿಗೆ ಓಡ್ತಾ ಓಡ್ತಾನೇ ಕಾಲು ಮುರೀತು. ಅವಳು ಗಟ್ಟಿ ಇರ್ಲಿಲ್ಲ ಅಂದ್ಕೊಂಡಿದ್ದೆ," ಎಂದಳು.

"ಗಟ್ಟಿ ಇದ್ದಿದ್ದಕ್ಕೇ ಅಕ್ಕಾ, ಮುರಿಯೋವರೆಗೂ ಓಡಿದ್ದು."

ಮಿಡತೆ ಎದ್ದು ನಿಂತಳು. "ಅತ್ತೆ, ನಂಗೇನೂ ನೋವಿಲ್ಲ! ನಾನು ಓಡ್ತೀನಿ!"

"ಸುಳ್ಳಿ! ನೋವಾದಾಗ ನೀನು ಹೆಬ್ಬೆರಳನ್ನ ಮುಷ್ಟಿಯೊಳಗೆ ಮಡಚ್ಕೋತೀಯ. ದಿನಾ ನೋಡ್ತಿದೀನಿ. ನೋಡಿಯೂ ಓಡಿಸ್ದೆ, ನನ್ನ ಬುದ್ಧಿಗಿಷ್ಟು."

ಫಿಸಿಯೋ ಹುಡುಗಿಯ ಕೈ ನೋಡಿದಳು. ಹೆಬ್ಬೆರಳು ಮುಷ್ಟಿಯೊಳಗೇ ಇತ್ತು. "ಇದನ್ನ ನಂಗೆ ಯಾವ ಸಂಶೋಧನೆಯೂ ಹೇಳ್ಕೊಡಲ್ಲ ಅಕ್ಕಾ. ನಾಳೆ ಡಾಕ್ಟರ ಹತ್ರ ನೀವೂ ಬನ್ನಿ. ಎಷ್ಟು ಓಡಿಸ್ತಿದ್ರಿ, ಯಾವಾಗಿಂದ ಅವಳ ಹೆಜ್ಜೆ ಕೆಡ್ತು, ಅದು ನಿಮಗೊಬ್ಬರಿಗೇ ಗೊತ್ತು."

ಮರುದಿನ ಸ್ಕ್ಯಾನಿಂಗ್‌ನಲ್ಲಿ ಬಿರುಕು ಕಂಡಿತು. "ಇನ್ನೂ ಸಣ್ಣದು, ವಿಶ್ರಾಂತಿ ಕೊಟ್ರೆ ಕೂಡುತ್ತೆ," ಎಂದರು ಡಾಕ್ಟರು. ಮಿಡತೆ ಅತ್ತಳು, ಊಟ ಬಿಟ್ಟಳು, ಅತ್ತೆಯ ಜೊತೆ ಮಾತೂ ಬಿಟ್ಟಳು. ಮಗಳ ಮುಖ ನೋಡಲಾಗದೆ ಅವಳಪ್ಪ, "ಒಂದೇ ಒಂದು ಓಟ ಅಲ್ವಾ ಅಕ್ಕಾ?" ಎಂದ.

"ಓಟ ಮುಂದಿನ ವರ್ಷಾನೂ ಬರುತ್ತೆ ಕಣೋ. ಕಾಲು ಬರಲ್ಲ," ಎಂದಳು ಅತ್ತೆ.

ಕಾಲು ಕೂಡಿದ ಮೇಲೆ ಓಟವನ್ನು ಎಷ್ಟೆಷ್ಟು ಹೆಚ್ಚಿಸಬೇಕು ಎಂದು ಫಿಸಿಯೋ ಹೇಳಿದಳು. ಯಾವ ದಿನ ಸಾಕು ಎನ್ನಬೇಕು ಎಂಬುದನ್ನು ಅತ್ತೆ ಹುಡುಗಿಯ ಮುಖ ನೋಡಿ ಹೇಳಿದಳು. ಇಬ್ಬರಿಗೂ ಜಗಳ ತಪ್ಪಲಿಲ್ಲ, ಆದರೆ ಒಬ್ಬರನ್ನು ಬಿಟ್ಟು ಒಬ್ಬರು ಏನೂ ಮಾಡಲಿಲ್ಲ. ಮರುವರ್ಷದ ಆಯ್ಕೆಯಲ್ಲಿ ಮಿಡತೆ ಮೊದಲು ಬರಲಿಲ್ಲ. ಆಯ್ಕೆಯಾದವರ ಪಟ್ಟಿಯ ಕೊನೆಯಲ್ಲಿ ಹೆಸರು ಬಂತು. ಅತ್ತೆ ಅವಳನ್ನು ತಬ್ಬಿಕೊಂಡು ಗಳಗಳ ಅತ್ತಳು.

ಅಪ್ಪ ಅಮ್ಮಂದಿರೇ, ಮಕ್ಕಳನ್ನು ಓಡಿಸುವ ಅಕ್ಕ ಅಣ್ಣಂದಿರೇ, ನಿಮ್ಮ ಅನುಭವ ಬಹಳ ದೊಡ್ಡದು, ಅದನ್ನು ಬಿಡಬೇಡಿ. ಆದರೆ ಅದು ನೀವು ಕಂಡಷ್ಟನ್ನೇ ಹೇಳುತ್ತದೆ. ನಿಮ್ಮ ಕಣ್ಣಿಗೆ ಬೀಳದೆ ಹೋದವರ ಸುದ್ದಿಯನ್ನು ಸಂಶೋಧನೆ ತರುತ್ತದೆ. ಎರಡನ್ನೂ ಕೇಳಿ. ಮಗು ಮೂಳೆಯ ಮೇಲೆ ಒಂದೇ ಜಾಗಕ್ಕೆ ಬೆರಳಿಟ್ಟು ನೋವು ಎಂದರೆ, ಕೂತಾಗಲೂ ನೋಯುತ್ತದೆ ಎಂದರೆ, ಅವತ್ತೇ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಓಡಿಯೇ ಓಡುತ್ತೇನೆ ಎಂದು ಮಗು ಹಟ ಹಿಡಿಯುತ್ತದೆ. ಬೇಡ ಎನ್ನುವ ಧೈರ್ಯ ಮಗುವಿಗೆ ಇರುವುದಿಲ್ಲ, ನಿಮಗಿರಲಿ.